ಪೋಲಿಷ್ ಪದಕ್ಕೆ ಲಘು ಗುರು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನನಗೆ ಬರುವುದಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಕನ್ನಡ ಕಲಿಸಿದ್ದರ ಫಲವಿದು. ಮಾಸ್ತರ ಒಂದು ಗಳಿಗೆ ಸುಮ್ಮನಾದರೆ ಹಿಂದಿನ ಬೆಂಚಿಗೆ ಗೊತ್ತಾಗಿಬಿಡುತ್ತದೆ. ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೂ ಚಟ ಬಿಡಲಿಲ್ಲ. ಹಾಗಾಗಿ ಹಳೆಯ ವಿದ್ಯಾರ್ಥಿನಿ ರೇಣುಕಾ ಬಂದು, "ಸರ್, ಪೋಲೆಂಡಿನಾಗ ಬೀಜದ ಮ್ಯಾಲ ಸಂಶೋಧನಾ ಮಾಡಾಕ ಅರ್ಜಿ ಹಾಕೀನ್ರಿ. ನಾಳೆ ಸಂದರ್ಶನ ಅದ. ಅವರ ಭಾಷಾದಾಗ ನಾಕು ಸಾಲು ಓದಬೇಕಂತ, ಪದ ಭಾಳ ಉದ್ದ ಅದಾವ್ರಿ," ಎಂದಾಗ, "ತಾ ಇಲ್ಲಿ, ಒಡದು ಕೊಡ್ತೀನಿ," ಎಂದುಬಿಟ್ಟೆ.

ರೇಣುಕಾ ದೇವದುರ್ಗದ ಕಡೆಯವಳು. ಅವಳ ತಾಯಿ ಯಲ್ಲವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತ ಮಗಳನ್ನು ಎಂಎಸ್ಸಿ ತನಕ ಓದಿಸಿದವರು. ಸ್ವತಃ ಅವರಿಗೆ ಅಕ್ಷರ ಬಾರದು. ಆ ದಿನ ಅವರೂ ಬಂದು ಗೋಡೆಗೆ ಒರಗಿ ಕೂತಿದ್ದರು. ವಯಸ್ಸಿನ ಮಿತಿಯಿಂದಾಗಿ ರೇಣುಕಾಗೆ ಇದೇ ಕೊನೆಯ ಅವಕಾಶವಾಗಿತ್ತು.

ಮೊದಲ ಪದ ಧನ್ಯವಾದ ಎಂಬ ಅರ್ಥದ್ದು. ಅವಳು ಕನ್ನಡದಲ್ಲಿ ಬರೆದುಕೊಂಡಂತೆ ಪೊ-ಜೆಂ-ಕೊ-ವ-ನ್ಯೆ. ಛಂದಸ್ಸಿನ ಪಾಠದಂತೆ ಸೊನ್ನೆಯಿದ್ದ 'ಜೆಂ' ಗುರುವಾಯಿತು. ಅದನ್ನೇ ಒತ್ತಿ ಓದು ಎಂದೆ. ಗೆಳೆಯ ಎಂಬುದಕ್ಕೆ ಪ್ಶಿ-ಯಾ-ಚೆಲ್, 'ಯಾ' ದೀರ್ಘ, ಒತ್ತು. ಗೆಳೆಯರಿಗೆ ಪ್ಶಿ-ಯಾ-ಚೆ-ಲೆ, ಅಲ್ಲೂ 'ಯಾ' ಒತ್ತು. ರೇಣುಕಾ ನಂಬಿಕೆಯಿಂದ ಗುರುತು ಹಾಕಿಕೊಂಡಳು. ಆಮೇಲೆ ಅದೇ ಸಾಲುಗಳನ್ನು ಒಬ್ಬ ಪೋಲಿಷ್ ಹೆಂಗಸು ಓದಿದ್ದನ್ನು ಫೋನಿನಲ್ಲಿ ಹಚ್ಚಿದಳು.

ಯಲ್ಲವ್ವ ಕೇಳುತ್ತ ಬೆರಳಿನಿಂದ ನೆಲ ತಟ್ಟುತ್ತಿದ್ದರು. "ಸಿಟ್ಟಾಗಬ್ಯಾಡ್ರಿ ಸರ್," ಎಂದರು. "ಆಕಿ ಕಡೀದಕ್ಕಿಂತ ಒಂದು ಮೊದಲಿಂದು ಒತ್ತಾಕತ್ತಾಳ. ಪದ ಬೆಳದ್ರ ಒತ್ತೂ ಮುಂದಕ್ಕ ಸರೀತದ."

ಮತ್ತೆ ಮತ್ತೆ ಕೇಳಿದೆವು. ಮೊದಲನೆಯದರಲ್ಲಿ 'ವ', ಗೆಳೆಯರಲ್ಲಿ 'ಚೆ'. ನಾಲ್ಕು ಸಾಲಿನಲ್ಲಿ ಒಂದು ಪದವೂ ಯಲ್ಲವ್ವನ ಮಾತು ಮೀರಲಿಲ್ಲ. "ನಾನೂ ಅದನ್ನ ಹೇಳಾಂವ ಇದ್ದೆ," ಎಂದೆ. ರೇಣುಕಾ ತಲೆ ಎತ್ತದೆ ರಬ್ಬರಿನಿಂದ ನನ್ನ ಗುರುತುಗಳನ್ನು ಅಳಿಸಿದಳು.

ಅವಳು ಆಯ್ಕೆಯಾದಳು. ಅವಳು ಪೋಲೆಂಡಿಗೆ ಹೋದ ಮೇಲೆ ಯಲ್ಲವ್ವ ಒಂದು ರವಿವಾರ ಬಂದು, "ಮಗಳ ಮೆಸೇಜ್ ನಾನಾ ಓದಬೇಕ್ರಿ, ಕನ್ನಡ ಕಲಸ್ರಿ," ಎಂದರು. ಇದು ನನ್ನ ಸ್ವಂತ ಹೊಲ ಎಂದು ಖುಷಿಯಿಂದ ಸ್ಲೇಟು ಹಿಡಿದೆ. ಎರಡು ತಿಂಗಳಿಗೆ 'ಅಕ್ಕ' ಎಂದು ಬರೆಯುವಲ್ಲಿಗೆ ಬಂದೆವು.

"ಕೆಳಗಿಂದು ಒತ್ತಕ್ಷರ," ಎಂದೆ.

ಯಲ್ಲವ್ವ ಎರಡು ಸಲ ಬಾಯಲ್ಲಿ ಅಂದು ನೋಡಿದರು. "ಆದ್ರ ಸರ್, ಒತ್ತು ಬೀಳಾಕತ್ತಿದ್ದು ಮೊದಲಿನ 'ಅ' ಮ್ಯಾಲಲ್ರಿ?"

ಇವತ್ತಿಗೆ ಇಷ್ಟು ಸಾಕು ಎಂದೆ.