ಬೆಟ್ಟದ ಒಡೆಯನ ನಿಜವಾದ ಅರ್ಥ

ಯಾರದಾದರೂ ಹೆಸರು ಕಿವಿಗೆ ಬಿದ್ದರೆ ಅದರ ಬೇರು ಕೆದಕದೆ ಬಿಡದ ಚಟ ನನಗಿದೆ. ನಾಶಿಕದ ನಮ್ಮ ಸೊಸೈಟಿಯಲ್ಲಿ ಇದಕ್ಕಾಗಿ ತಕ್ಕಮಟ್ಟಿಗೆ ಮರ್ಯಾದೆಯೂ ಸಿಕ್ಕಿದೆ. ಕೂಸು ಹುಟ್ಟಿದ ಮನೆಯವರು ಪೇಢೆಯ ಜೊತೆ ನಾಲ್ಕು ಹೆಸರು ತರುತ್ತಾರೆ. ನಾನು ಪೇಢೆ ತಿಂದು, ಮೂರು ಹೆಸರಿಗೆ ಕೊಂಕು ತೆಗೆದು ಕಳಿಸುತ್ತೇನೆ. ಧೋಂಡಿರಾಮನಲ್ಲಿರುವ ಧೋಂಡು ಕಲ್ಲು, ಕಲ್ಲನ್ನು ಸಾವು ಮುಟ್ಟುವುದಿಲ್ಲವೆಂದು ಇಟ್ಟದ್ದು. ನಮ್ಮ ಬೀದರ ಕಡೆಯ ಸಾಕವ್ವ ಎಂದರೆ ಹೆಣ್ಣುಮಕ್ಕಳು ಇನ್ನು ಸಾಕು. ಚಿಕಲಠಾಣಾದಿಂದ ಬಂದು ಎದುರು ಮನೆಯಲ್ಲಿರುವ ಕಚರೂಭಾವು ಅವರ ಹೆಸರಿಗಂತೂ ವಿವರಣೆಯೇ ಬೇಡ. ಅವರಿಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವಂತೆ. ತಾಯಿ ಇವರನ್ನು ಕಚರಾ, ಅಂದರೆ ಕಸವೆಂದು ಕರೆದು ಉಳಿಸಿಕೊಂಡರಂತೆ. ಅದನ್ನವರು ನಗುತ್ತಲೇ ಹೇಳುತ್ತಿದ್ದರು. ಪಾಪ ಅನ್ನಿಸುತ್ತಿತ್ತು ನನಗೆ.

ಇಷ್ಟೆಲ್ಲ ಹೇಳುವ ನಾನು ತಿಪ್ಪಣ್ಣ. ಹಾಗೆಂದರೇನು ಎಂದು ಮರಾಠಿ ನೆರೆಯವರು ಕೇಳಿದಾಗ, ಹಳಗನ್ನಡದಲ್ಲಿ ಬೆಟ್ಟದ ಒಡೆಯ ಎಂದು ಹೇಳಿಬಿಟ್ಟಿದ್ದೆ. ಕನ್ನಡ ಬಾರದ ಕಡೆ ಇಂಥ ಸುಳ್ಳು ಬಹಳ ವರ್ಷ ಬಾಳುತ್ತದೆ. ನಿಜ ಏನೆಂದರೆ, ನನ್ನ ಇಬ್ಬರು ಅಣ್ಣಂದಿರು ತೊಟ್ಟಿಲಲ್ಲೇ ಹೋಗಿದ್ದರು. ಬೇಡದ ಕೂಸೆಂದು ಸಾವು ಬಿಟ್ಟುಹೋಗಲೆಂದು ಅವ್ವ ನನ್ನನ್ನು ಹಿತ್ತಲ ತಿಪ್ಪೆಯ ಮೇಲೆ ಹೊರಳಿಸಿ, ನೆರೆಮನೆಯವಳು ಎತ್ತಿಕೊಂಡ ಮೇಲೆ ಒಂದು ಹಿಡಿ ಜೋಳ ಕೊಟ್ಟು ಮರಳಿ ಪಡೆದಿದ್ದಳು.

ಹೋದ ವರ್ಷ ನನ್ನ ಮಗಳ ಚೊಚ್ಚಲ ಕೂಸು ವಾರವೂ ಬದುಕಲಿಲ್ಲ. ಈ ಸಲ ಗಂಡು ಹುಟ್ಟಿತು. ದೀರ್ಘಾಯುಸ್ಸಿನ ಅರ್ಥವಿರುವ ಹೆಸರುಗಳನ್ನೇ ಹುಡುಕಿ ಅವಳ ಮುಂದಿಟ್ಟೆ. ಇಲ್ಲೇ ಬೆಳೆದ ಅವಳು ನನ್ನೊಡನೆ ಕನ್ನಡ ಆಡುವುದೇ ಅಪರೂಪ. ಪಟ್ಟಿಯನ್ನು ಕಣ್ಣೆತ್ತಿಯೂ ನೋಡದೆ ಅಂದಳು: "ಅಪ್ಪಾ, ಛಂದ ಅರ್ಥ ನಕೋ. ಇಂವ ಉಳೀಬೇಕು. ನಿಮ್ಮವ್ವ ನಿಮಗ ಏನ್ ಮಾಡಿದ್ರೋ, ಅದ ಮಾಡ್ರಿ."

ನಾನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ. ಅವ್ವ ಹೆದರಿ ಹೆದರಿ ಇಟ್ಟ ಹೆಸರನ್ನು ನಾನು ಇಷ್ಟು ವರ್ಷ ಕಲೆಯಂತೆ ಮುಚ್ಚಿಟ್ಟಿದ್ದೆ.

ಫ್ಲ್ಯಾಟಿನವರಿಗೆ ತಿಪ್ಪೆ ಎಲ್ಲಿಂದ ಬರಬೇಕು? ಸೊಸೈಟಿಯ ತೋಟದ ಮೂಲೆಯಲ್ಲಿ ಎಲೆಗೊಬ್ಬರದ ಗುಂಡಿಯಿತ್ತು. ಅದರ ಮೇಲೆ ಮೊರವಿಟ್ಟು, ಮೊರದಲ್ಲಿ ಮೆತ್ತಗೆ ಹಾಸಿ ಕೂಸನ್ನು ಮಲಗಿಸಿದೆವು. ಬಾಲ್ಕನಿಗಳಲ್ಲೆಲ್ಲ ಜನ. ಇನ್ನು ಹೊರಗಿನವರು ಯಾರಾದರೂ ಎತ್ತಿಕೊಳ್ಳಬೇಕು. ಯಾರನ್ನು, ಏನೆಂದು ಕೇಳಲಿ? ಅಷ್ಟರಲ್ಲಿ ಕಚರೂಭಾವು ಮೆಟ್ಟಿಲಿಳಿದು ಬಂದರು. ಯಾರೂ ಹೇಳದೆ ಚಪ್ಪಲಿ ಬಿಟ್ಟು, ಮೊರದಿಂದ ಕೂಸನ್ನು ಎತ್ತಿ, ಮಗಳ ಮುಂದೆ ಜೋಳಕ್ಕೆ ಕೈಚಾಚಿದರು. ಆಮೇಲೆ ನನ್ನತ್ತ ತಿರುಗಿ, ಬೆಟ್ಟ ಅಂದರೆ ಇದೇ ಏನು ಎಂದು ಕೇಳಿದರು. ಅಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ.

ಕೂಸಿಗೀಗ ಆರು ತಿಂಗಳು, ಎತ್ತಿಕೊಂಡರೆ ನನ್ನ ಕೈ ಸೋಲುತ್ತದೆ. ಕಾಗದದಲ್ಲಿ ಅವನ ಹೆಸರು ಬೇರೆ, ಮನೆಯಲ್ಲಿ ತಿಪ್ಪ್ಯಾ. ನನ್ನ ಪಾಂಡಿತ್ಯ ಕೇಳಿ ಪೇಢೆ ತರುವವರು ಮಾತ್ರ ಕಡಿಮೆಯಾಗಿದ್ದಾರೆ. ಬೆಳಿಗ್ಗೆ ಗಂಟೆ ಬಾರಿಸುತ್ತ ಕಸದ ಗಾಡಿ ಬಂದರೆ ಕಚರೂಭಾವು ಎದುರು ಬಾಗಿಲಿಂದ ಮರಾಠಿಯಲ್ಲಿ ಕರೆಯುತ್ತಾರೆ: "ಬೆಟ್ಟದ ಒಡೆಯರೇ, ನಮ್ಮಿಬ್ಬರ ಗಾಡಿ ಬಂತು." ನಾನು ಬುಟ್ಟಿ ಹಿಡಿದು ಅವರ ಹಿಂದೆ ಇಳಿಯುತ್ತೇನೆ.