ಕನ್ನಡಕಕ್ಕೆ ಗೊತ್ತಿದ್ದ ಒಂದೇ ಮುಖ

ಕಣ್ಣು ಕಾಣುವವರಿಗೂ ಕಾಣದವರಿಗೂ ಪ್ರಯಾಣದಲ್ಲಿ ಸರಿಸಮಾನವಾಗಿ ದಾರಿ ತೋರುವ ಕನ್ನಡಕವೊಂದನ್ನು ಲೋಕಕ್ಕೆ ಅರ್ಪಿಸುವ ಯೋಗ್ಯತೆ ನನಗಿದೆ ಎಂದು ಮನಸಾರೆ ನಂಬಿದ್ದೆ. ಸುಂಟಿಕೊಪ್ಪದಲ್ಲಿ ಇಷ್ಟು ವರ್ಷ ಮೊಬೈಲ್ ರಿಪೇರಿ ಮಾಡಿದವನಿಗೆ ಇದೇನು ಮಹಾ!

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಕುಸುಮ. ಕಾಯಿಲೆ ಬಂದು ಅವಳ ದೃಷ್ಟಿ ಹೋಗಿ ಕೆಲವು ವರ್ಷವಾಯಿತು. ಈಗ ಮಡಿಕೇರಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಕೆಲಸ ಸಿಕ್ಕಿತ್ತು. ದಿನಾ ಅಂಗಡಿ ಮುಚ್ಚಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಒಪ್ಪಲಿಲ್ಲ.

"ಒಬ್ಳೇ ಬಸ್ ಹತ್ತಿ ಹೋಗ್ಬೇಕು ಕಣ್ರಿ. ಅಷ್ಟಾದ್ರೆ ನನ್ನ ಬದುಕು ನಂಗೆ ವಾಪಸ್ ಸಿಕ್ಕಿದ ಹಾಗೆ" ಎಂದಳು.

ಆ ಮಾತು ಎದೆಗೆ ನಾಟಿತು. ಅಂದೇ ಕೆಲಸಕ್ಕೆ ಕೂತು ಎರಡು ಕನ್ನಡಕಗಳಿಗೆ ಸಣ್ಣ ಕ್ಯಾಮರಾ ಕೂರಿಸಿದೆ. ಅವಳದ್ದು ಕಿವಿಯಲ್ಲಿ ಮಾತಾಡಬೇಕು, ನನ್ನದು ಗಾಜಿನ ಮೇಲೆ ಅಕ್ಷರ ತೋರಿಸಬೇಕು.

ಮೊದಲ ಪರೀಕ್ಷೆ ನನ್ನ ಮೇಲೆಯೇ ನಡೆಯಿತು. ಗಾಜಿನ ತುಂಬ 'ಮುಂದೆ ಚರಂಡಿ' ಎಂದು ದಪ್ಪಕ್ಷರ ಮೂಡಿತು. ಸಂತೋಷದಿಂದ ಓದಿದೆ. ಓದುತ್ತಲೇ ಬಿದ್ದೆ. ಅಕ್ಷರ ಎಷ್ಟು ದೊಡ್ಡದಿತ್ತೆಂದರೆ, ಅದರ ಹಿಂದೆ ಚರಂಡಿಯೇ ಕಾಣುತ್ತಿರಲಿಲ್ಲ!

ಅವಳ ಕನ್ನಡಕದ ರೋಗವೇ ಬೇರೆ. ಬಸ್ಸಿನ ಬೋರ್ಡ್ ಓದಲು ಹೇಳಿದರೆ ರಸ್ತೆಯ ಬೋರ್ಡುಗಳನ್ನೆಲ್ಲ ಓದತೊಡಗಿತು. ನಮ್ಮ ಕೊಡಗಿನಲ್ಲಿ ಬೋರ್ಡಿಗೆ ಬರವೇ? ಹೋಂಸ್ಟೇ, ಜೇನುತುಪ್ಪ, ಕಾಫಿ ಪುಡಿ, ಮತ್ತೆ ಹೋಂಸ್ಟೇ. ಅದು ಮಡಿಕೇರಿ ಎನ್ನುವ ಹೊತ್ತಿಗೆ ಮಡಿಕೇರಿ ಬಸ್ಸು ಹೊರಟುಹೋಗಿತ್ತು. ಇದರ ಬಾಯಿ ಮುಚ್ಚಿಸುವ ಸ್ವಿಚ್ ಇಲ್ಲವೇ, ಇದ್ದರೆ ನಿಮಗೂ ಒಂದು ಹಾಕಿಸಿಕೊಳ್ಳಿ ಎಂದಳು ಕುಸುಮ. ಕನ್ನಡಕಕ್ಕೆ ಮಾತ್ರ ಹಾಕಿದೆ.

ಕೊನೆಗೆ, ಪರಿಚಯದವರ ಮುಖ ಗುರುತಿಸುವ ವಿದ್ಯೆಯನ್ನೂ ಅದಕ್ಕೆ ಕಲಿಸಿದೆ. ಮಾದರಿಗೆ ಬೇರೆ ಯಾರು ಸಿಗುತ್ತಾರೆ? ನಾನೇ ನಿಂತೆ. ರೈನ್‌ಕೋಟಿನಲ್ಲಿ, ಮಂಕಿ ಕ್ಯಾಪಿನಲ್ಲಿ, ಪೇಪರಿನ ಮರೆಯಲ್ಲಿ. ಯಾವ ಅವತಾರದಲ್ಲಿ ನಿಂತರೂ ಅದು ತೊಟ್ಟದ್ದು, ಹಿಡಿದದ್ದನ್ನೆಲ್ಲ ಹೇಳಿ ಕೊನೆಗೆ 'ಯಜಮಾನರು' ಎಂದಿತು. ನಾನು ಉಬ್ಬಿಹೋದೆ.

ಹೊರಡುವ ದಿನ ಕುಸುಮ, ಹಿಂದೆ ಬರಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಕಿದೆ. ಆದರೆ ಮನಸ್ಸು ಕೇಳಬೇಕಲ್ಲ! ಮಂಕಿ ಕ್ಯಾಪ್ ಏರಿಸಿ, ಬೇರೆ ದಾರಿಯಲ್ಲಿ ಓಡಿ, ನಿಂತಿದ್ದ ಮಡಿಕೇರಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಪೇಪರ್ ಬಿಡಿಸಿ ಕೂತೆ. ಕಣ್ಣು ಕಾಣದ ಹೆಂಡತಿಗೆ ಹೆದರಿ ಮಂಕಿ ಕ್ಯಾಪೇ ಎಂದು ನಗಬೇಡಿ. ಪರಿಚಯದವರು ಯಾರಾದರೂ ಹೆಸರು ಹಿಡಿದು ಕರೆದರೆ ಎಂಬ ಭಯ.

ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ಸೀಟಿಗಾಗಿ ನಮ್ಮತ್ತ ತಿರುಗಿ ಒಂದು ಕ್ಷಣ ನಿಂತಳು, ನಕ್ಕಳು. ಸ್ವಾತಂತ್ರ್ಯದ ನಗು ಎಂದುಕೊಂಡೆ, ನನ್ನ ಕಣ್ಣು ತುಂಬಿತು.

ಬಸ್ಸು ಹೊರಟ ಮೇಲೆ ಕಂಡಕ್ಟರ್ ಬಂದ. ಜೇಬು ತಡಕಿದೆ. ರಿಂಗಾದರೆ ಸಿಕ್ಕಿಬೀಳುತ್ತೇನೆಂದು ಫೋನನ್ನು ಮನೆಯಲ್ಲೇ ಇಟ್ಟಿದ್ದೆ. ಅದರ ಪಕ್ಕದಲ್ಲೇ ಪರ್ಸೂ ಉಳಿದಿತ್ತು!

"ನಿಮ್ ಟಿಕೆಟ್ ಆಯ್ತು. ಮುಂದೆ ಕೂತಿರೋ ಅಕ್ಕ ತೆಗ್ದಿದ್ದಾರೆ. ಮಂಕಿ ಕ್ಯಾಪ್ ಹಾಕಿ ಪೇಪರ್ ಹಿಡ್ಕೊಂಡವ್ರು ಅವರ ಯಜಮಾನ್ರಂತಲ್ಲ? ಕೆದಕಲ್‌ವರೆಗೆ ಸಾಕು ಅಂದ್ರು" ಎಂದ.

ಕೆದಕಲ್ ಎಂದರೆ ಮುಂದಿನ ಊರು. ಅವಳು ಹೋಗಬೇಕಾದದ್ದು ಮಡಿಕೇರಿಗೆ. ನನ್ನ ಟಿಕೆಟ್ಟು ಮಾತ್ರ ಕೆದಕಲ್‌ಗೆ ಮುಗಿದಿತ್ತು.

ಇಳಿಯುವಾಗ ಅವಳ ಸೀಟಿನ ಪಕ್ಕವೇ ಹಾಯಬೇಕಾಯಿತು. ಬೈಯುತ್ತಾಳೆಂದುಕೊಂಡೆ. ಅವಳು ಕೈಚಾಚಿ ನನ್ನ ತೋಳು ಹಿಡಿದಳು.

"ಕನ್ನಡಕ ಚೆನ್ನಾಗೇ ಮಾಡಿದ್ದೀರಿ. ಸಂಜೆ ಒಬ್ಳೇ ಬರ್ತೀನಿ. ಅನ್ನಕ್ಕೆ ಇಟ್ಟಿರಿ."

ಅಲ್ಲಿಂದ ಮಂಕಿ ಕ್ಯಾಪ್ ಕಂಕುಳಲ್ಲಿಟ್ಟುಕೊಂಡು ನಡೆದೇ ಸುಂಟಿಕೊಪ್ಪ ಸೇರಿದೆ. ದಾರಿಯುದ್ದಕ್ಕೂ ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಅಭಿಮಾನ. ಸಂಜೆ ಅನ್ನಕ್ಕಿಟ್ಟು ಗೇಟಿನ ಬಳಿ ನಿಂತು ಬರುವ ಬಸ್ಸುಗಳನ್ನೆಲ್ಲ ನೋಡಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಕುಸುಮ ಇಳಿದು, ಕೋಲು ತಟ್ಟುತ್ತ ಬಂದಳು. ಮಡಿಕೇರಿಯವರೆಗೆ ಒಬ್ಬಳೇ ಹೋಗಿ ಎಲ್ಲೂ ಎಡವದೆ ಬಂದವಳಿಗೆ, ಮನೆಯಲ್ಲೇ ಇದ್ದ ನಾನು ಬಡಿಸಿದ್ದು ತಳ ಹಿಡಿದ ಅನ್ನ!