ಶುಂಠಿ ಹಾಕಬೇಕಿದ್ದ ಮೈದಾನದಲ್ಲಿ ಕಬಡ್ಡಿ

ಕೆಲವರು ಎಲ್ಲಿ ಹೋದರೂ ಮಳೆ ಬರುತ್ತೆ. ನಾನು ಎಲ್ಲಿ ಕೂತರೂ ಅಲ್ಲಿಗೆ ನಗೋ ಸಂಗತಿ ತಾನಾಗೇ ನಡೆದುಕೊಂಡು ಬರುತ್ತೆ. ನಾನೇನು ಕರೆಯೋದಿಲ್ಲ, ಬೇಡ ಅಂತಲೂ ಅನ್ನೋದಿಲ್ಲ. ಶಾಲೆ ಮೆಟ್ಟಿಲು ಹತ್ತಿದವನಲ್ಲ ನಾನು; ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಿ ಓದಿ. ಆದರೆ ಕಬಡ್ಡಿ ವಿಷಯದಲ್ಲಿ ಅರಕಲಗೂಡು ತಾಲ್ಲೂಕಿನಲ್ಲಿ ನನಗಿಂತ ತಿಳಿದವನು ಹುಟ್ಟಿಲ್ಲ. ಹುಟ್ಟಿದ್ದರೆ ಊರು ಬಿಟ್ಟಿದ್ದಾನೆ.

ನಮ್ಮ ಕಡೆ ನಾಲ್ಕು ಊರಿನ ಕಬಡ್ಡಿ ಲೀಗ್ ನಡೆಯುತ್ತೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಮತ್ತೆ ನಾವು ಅರಕಲಗೂಡಿನವರು. ಎಲ್ಲ ಸಂಬಳ ಕೊಟ್ಟು ಆಡಿಸೋ ತಂಡಗಳು. ಹೋದ ವರ್ಷ ನಾವು ಒಂದು ಮ್ಯಾಚೂ ಗೆಲ್ಲಲಿಲ್ಲ. ನಮ್ಮ ತಂಡದ ಅಧ್ಯಕ್ಷರು ಶುಂಠಿ ವ್ಯಾಪಾರಿ, ಮೈದಾನವೂ ಅವರದೇ ಜಮೀನು. ಈ ವರ್ಷ ಆಟ ಶುರುವಾಗೋ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿಬಿಟ್ಟರು.

"ನೋಡ್ರಪ್ಪಾ, ಟೀಮ್ನ ಬುಡದಿಂದ ಹೊಸದಾಗಿ ಕಟ್ಟಾಣ. ಹಾಸನದಿಂದ ಹೊಸ ಕೋಚ್ ಬತ್ತಾರೆ. ಈ ಸಲ ಒಂದಾದ್ರೂ ಗೆಲ್ಲಬೇಕು. ಇಲ್ಲಾ ಅಂದ್ರೆ ಟೀಮ್ ಮುಚ್ಚಿ, ಈ ಮೈದಾನಕ್ಕೆ ಟ್ರ್ಯಾಕ್ಟರ್ ಹೊಡ್ಸಿ ಶುಂಠಿ ಹಾಕ್ಬುಡ್ತೀನಿ."

 ನಾನು ಬಾಳಿದ್ದೇ ಆ ಮೈದಾನದಲ್ಲಿ. ಅಲ್ಲಿ ಶುಂಠಿ ಮೊಳೆತರೆ ದಿನಾ ಸಾಯಂಕಾಲ ನಾನು ಎಲ್ಲಿಗೆ ಹೋಗಲಿ? ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿಗೆ ನನಗಿಂತ ಹೆಚ್ಚು ಗಾಬರಿಯಾಯಿತು. "ಹಂಗಾದ್ರೆ ಇನ್ಮೇಲೆ ಸಾಯಂಕಾಲ ಮನೇಲೇ ಇರ್ತೀರಾ?" ಅಂದಳು.

ಉಸಿರು

ಹೊಸ ಕೋಚ್ ಅಂದರೆ ಹೊಟ್ಟೆ ಬಂದ, ಕೊರಳಿಗೆ ವಿಷಲ್ ಹಾಕಿಕೊಂಡ ಗಂಡಸು ಅಂದುಕೊಂಡಿದ್ದೆವು. ಬಸ್ಸಿನಿಂದ ಇಳಿದದ್ದು ಹೆಣ್ಣುಮಗಳು. ವಿಷಲ್ ಮಾತ್ರ ಇತ್ತು. ರಾಜ್ಯ ತಂಡದಲ್ಲಿ ಆಡಿ ಬಂದವರಂತೆ. ಹುಡುಗರು ಮೊಣಕಾಲಿನ ಮೇಲಿದ್ದ ಪಂಚೆಯನ್ನು ಸರಕ್ಕನೆ ಕೆಳಗೆ ಬಿಟ್ಟು ಸಾಲಾಗಿ ನಿಂತರು.

ಮೇಡಂ ಎಲ್ಲರನ್ನೂ ನೋಡಿ, ಕೊನೆಗೆ ಬೆಂಚಿನ ಮೇಲಿದ್ದ ನನ್ನ ಹತ್ತಿರ ಬಂದರು. "ತಾತ, ನೀವು ಈ ಟೀಮಲ್ಲಿ ಏನು?"

"ಏನಲ್ಲ ಅಂತ ಕೇಳವ್ವ," ಅಂದೆ. "ನನ್ನ ಕಾಲದಲ್ಲಿ ಕೊಣನೂರು ಸಂತೆ ಮಾಳದಲ್ಲಿ ರೈಡಿಗೆ ಇಳಿದೆ. ನನ್ನ ಮೀಸೆ ನೋಡಿ ಎದುರು ಪಾರ್ಟಿನೋರು ಓಡಕ್ಕೆ ಶುರು ಮಾಡುದ್ರು. ನಾನು ಕಬಡ್ಡಿ ಕಬಡ್ಡಿ ಅಂತ ಅಟ್ಟುಸ್ಕೊಂಡು ಓದೆ. ಅರಕಲಗೂಡು ಬರಗಂಟ ಉಸಿರು ಬುಡಲಿಲ್ಲ. ಕಂಡಕ್ಟರು ಟಿಕೆಟ್ ಕೇಳ್ದ, ಅವನಿಗೂ ಕಬಡ್ಡಿ ಕಬಡ್ಡಿ ಅಂತಲೇ ಅಂದೆ."

"ಕಂಡಕ್ಟರ್ ಎಲ್ಲಿಂದ ಬಂದ ತಾತ?"

"ಅವರು ಬಸ್ ಅತ್ಬುಟ್ರು ಕಣವ್ವ. ನಾನು ಬುಟ್ಬುಡ್ತೀನಾ?"

ಮೇಡಂ ನಗಲಿಲ್ಲ. ಬಹಳ ಮರ್ಯಾದೆಯಿಂದ ಹೇಳಿದರು. "ಈಗಿನ ಆಟದಲ್ಲಿ ಒಂದು ರೈಡಿಗೆ ಮೂವತ್ತೇ ಸೆಕೆಂಡು ತಾತ. ನಿಮ್ಮನ್ನ ಇಳಿಸಿದರೆ ಅಷ್ಟೊಂದು ಉಸಿರು ದಂಡ ಆಗುತ್ತೆ. ನೀವು ಬೆಂಚಲ್ಲೇ ಇದ್ದು ನೀರಿನ ಕ್ಯಾನ್ ನೋಡ್ಕೊಳಿ."

ನಾನು ತಂಡದ ಮುಖ್ಯ ಸಲಹೆಗಾರನಾದದ್ದು ಹೀಗೆ.

ಹೊಸ ಮ್ಯಾಟಿನ ಪೂಜೆ

ನಮ್ಮ ಹುಡುಗರು ಮಣ್ಣಿನಲ್ಲಿ ಆಡಿ ಬೆಳೆದವರು. ಮೇಡಂ ಹಟ ಮಾಡಿ ಮ್ಯಾಟ್ ತರಿಸಿದರು, ಎಲ್ಲರಿಗೂ ಶೂ ಕೊಡಿಸಿದರು. ಶುಂಠಿ ಲಾರಿಯಲ್ಲೇ ಮ್ಯಾಟ್ ಬಂತು. ಮಲಗಿದರೆ ಹಾಸಿಗೆಗಿಂತ ಸುಖ. ನಾನು ಎರಡು ಮಧ್ಯಾಹ್ನ ಪರೀಕ್ಷೆ ಮಾಡಿ ನೋಡಿದ್ದೇನೆ.

ಮೊದಲನೇ ಮ್ಯಾಚು ನಮ್ಮೂರಲ್ಲೇ, ಹಾಸನದ ಮೇಲೆ. ಹೊಸ ಬೈಕ್ ತಂದರೂ ಚಕ್ರದ ಕೆಳಗೆ ನಿಂಬೆಹಣ್ಣು ಇಡೋ ಜನ ನಾವು. ಇಷ್ಟು ದೊಡ್ಡ ಮ್ಯಾಟನ್ನು ಪೂಜೆ ಇಲ್ಲದೆ ತುಳಿಯೋದುಂಟಾ? ಮೇಡಂ ಅತ್ತ ಅಂಪೈರ್ ಹತ್ತಿರ ಮಾತಾಡುತ್ತಿದ್ದಾಗ ನಾನು, ಅಧ್ಯಕ್ಷರು ಶುರು ಮಾಡಿಯೇಬಿಟ್ಟೆವು. ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಆಯಿತು. ಅಧ್ಯಕ್ಷರು ನಡುಗೆರೆಯ ಮೇಲೆ ತೆಂಗಿನಕಾಯಿ ಎತ್ತಿ ಹೊಡೆದರು. ಕಾಯಿ ಒಡೆಯಲಿಲ್ಲ, ಚೆಂಡಿನ ಹಾಗೆ ಪುಟಿದು ಅವರ ತಲೆ ಮೇಲೇ ಹಾರಿ ಹೋಯಿತು. ಅಪಶಕುನ ಆಗಬಾರದು ಅಂತ ಕಲ್ಲು ತರಿಸಿ, ಅದರ ಮೇಲೆ ಕಾಯಿ ಒಡೆದು, ಜತೆಗೊಂದು ಬೂದುಗುಂಬಳವನ್ನೂ ಚಚ್ಚಿದೆವು. ಆಮೇಲೆ ಟವೆಲಿನಲ್ಲಿ ಒರೆಸಿದೆವು. ಒರೆಸಿದ್ದು ನಾನೇ, ಕಣ್ಣಿಗೆ ಕಂಡಷ್ಟು.

ಅಷ್ಟಕ್ಕೇ ಮುಗಿದಿದ್ದರೆ ಸರಿಹೋಗುತ್ತಿತ್ತು. ಪೂಜೆ ಮಾಡಿದ ಜಾಗ ಅಂತ ನಮ್ಮ ಹುಡುಗರು ಅಷ್ಟೂ ಜನ ಶೂ ಬಿಚ್ಚಿ, ಮ್ಯಾಟ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಇಳಿದರು. ಹಾಸನದವರಿಗೆ ಅಂಥ ಭಕ್ತಿ ಇಲ್ಲ, ಶೂ ಹಾಕಿಕೊಂಡೇ ಆಡಿದರು. ಅವರ ರೈಡರ್ ಬಂದ. ಮೂಲೆಯಲ್ಲಿ ನಿಂತು ಕಾಲು ಹಿಡಿಯೋ ನಮ್ಮ ಕಾರ್ನರ್ ಹುಡುಗ ಹಿಡಿಯೋಕೆ ಅಂತ ಧುಮುಕಿದ. ಕೆಳಗೆ ಕಾಯಿನೀರು, ಕುಂಬಳದ ಲೋಳೆ. ಹುಡುಗ ರೈಡರ್ ಪಕ್ಕದಲ್ಲೇ ಜಾರಿಕೊಂಡು ಹೋಗಿ ಅಂಕ ಬರೆಯೋರ ಮೇಜಿನ ಕೆಳಗೆ ನಿಂತ. ಅವನ ಹಿಂದೆಯೇ ಇನ್ನೊಬ್ಬ ಹೋದ.

ಸೋತಮೇಲೆ ಅಧ್ಯಕ್ಷರು, "ಪೂಜೇಲಿ ಏನೂ ಲೋಪ ಆಗ್ಲಿಲ್ವಲ್ಲ ಮೇಡಂ, ಯಾಕಿಂಗಾಯ್ತು?" ಅಂದರು.

ಮೇಡಂ ಅಂಗೈಗೆ ಅಂಟಿದ್ದ ಕುಂಬಳದ ಬೀಜ ತೋರಿಸಿದರು. "ಸಾರ್, ಪೂಜೆಗೆ ಮೆಚ್ಚಿ ದೇವರೇ ಬಂದಿದ್ದರೂ ಜಾರಿ ಬೀಳ್ತಿದ್ದ."

ಬ್ಯಾರನ್ನಿನಲ್ಲಿ ಇಳಿದ ತೂಕ

ಈ ಲೀಗಿನಲ್ಲಿ ತೂಕದ ಮಿತಿ ಇದೆ. ಆಟಕ್ಕೆ ಮುಂಚೆ ಮೆಷಿನ್ ಮೇಲೆ ನಿಲ್ಲಿಸುತ್ತಾರೆ, ಹೆಚ್ಚಾದರೆ ಆಚೆಗೆ. ನಮ್ಮಲ್ಲಿ ಒಬ್ಬ ಡಿಫೆಂಡರ್ ಇದ್ದಾನೆ. ಶುಂಠಿ ಮೂಟೆ ಹೊತ್ತು ಬೆಳೆದ ಮೈ. ಅವನು ಹಿಡಿದರೆ ಎತ್ತೂ ಕದಲೋದಿಲ್ಲ, ಆದರೆ ತೂಕ ಮಿತಿಗಿಂತ ಒಂದು ಚೂರು ಮೇಲೆ. ಮೇಡಂ ಓಡು ಅಂದರು, ಓಡಿದ. ಮುದ್ದೆ ಕಮ್ಮಿ ಮಾಡು ಅಂದರು, ಅತ್ತ.

ನಾನು ಅವನನ್ನು ಪಕ್ಕಕ್ಕೆ ಕರೆದೆ. "ಲೇ, ಓಟ ಗೀಟ ಏನೂ ಬ್ಯಾಡ. ಒಗೆಸೊಪ್ಪು ಕಾವಲ್ಲಿಟ್ಟು ಒಣಗ್ಸೋ ಬ್ಯಾರನ್ ಮನೆ ಇಲ್ವೇನ್ಲಾ? ಬೇಯ್ಸಿರೋ ಸೊಪ್ಪು ಇಳಿಸಿದ್ ಮ್ಯಾಲೆ ಇನ್ನೂ ಕಾವಿರ್ತದೆ. ಒಳಗೋಗಿ ಕೂತ್ಕ. ಹಿಂದೆ ನನ್ನ ಸ್ನೇಹಿತ ಒಬ್ಬ ಇಂಗೇ ಕೂತು ಎಷ್ಟು ಸಣ್ಣ ಆದ ಅಂದ್ರೆ, ಅವನ ಹೆಂಡ್ತಿ ಗುರುತು ಸಿಗದೆ ಬಾಗಿಲೇ ತೆಗೀಲಿಲ್ಲ."

ಹುಡುಗ ಕೂತ. ಬೆವರು ಹರಿದು ಬಾಗಿಲಾಚೆಗೆ ಬಂತು. ಹೊರಗೆ ಬಂದಾಗ ಮೈಯೆಲ್ಲ ಹೊಗೆಸೊಪ್ಪಿನ ವಾಸನೆ. ದಾರಿಯಲ್ಲಿ ಹೋಗೋ ಮುದುಕರು ಅವನನ್ನು ಕಂಡು ಆಸೆಯಿಂದ ಮೂಗರಳಿಸುತ್ತಿದ್ದರು. ಶುಂಠಿ ಮಂಡಿಯ ತಕ್ಕಡಿ ಮೇಲೆ ನಿಲ್ಲಿಸಿದೆವು. ತೂಕ ಸರಿಯಾಗಿ ಮಿತಿಯೊಳಗೆ! ಮೇಡಂ ಮೊದಲನೇ ಸಲ ನನ್ನ ಕೈ ಕುಲುಕಿದರು.

ಎರಡನೇ ಮ್ಯಾಚು ಚನ್ನರಾಯಪಟ್ಟಣದ ಮೇಲೆ, ಅವರು ಅದನ್ನು ಹಿರೀಸಾವೆಯಲ್ಲಿ ಇಟ್ಟಿದ್ದರು. ಹೆದ್ದಾರಿ ಊರು, ಎಲ್ಲಿ ತಿರುಗಿದರೂ ಹೋಟ್ಲು. ವ್ಯಾನ್ ನಿಲ್ಲಿಸಿದ್ದು ಕಾಫಿಗೆ ಮಾತ್ರ. ನಾವು ಕಾಫಿ ಕುಡಿದು ಲೋಟ ಇಡೋದರೊಳಗೆ ಆ ಮಹಾರಾಯ ಮೂಲೆ ಮೇಜಿನಲ್ಲಿ ತಟ್ಟೆ ಇಡ್ಲಿಯ ಗೋಪುರ ಕೆಡವಿ ಮುಗಿಸಿದ್ದ. ಬ್ಯಾರನ್ ಹಸಿವು ಅಂದರೆ ಹಾಗೇ.

ಮೆಷಿನ್ ಮೇಲೆ ನಿಂತ. ಮುಳ್ಳು ಮಿತಿ ದಾಟಿ ಆಚೆ ಹೋಯಿತು. ಅಂಪೈರ್ ತಲೆ ಆಡಿಸಿ, "ಜಾಸ್ತಿ ಇದೆಯಪ್ಪಾ, ಇಳಿ," ಅಂದರು.

ಇವನು ಇಳಿಯಲೊಲ್ಲ. "ಸಾ, ಸರಿಯಾಗಿ ನೋಡಿ ಸಾ. ಇದು ನನ್ ತೂಕ ಅಲ್ಲ, ಇಡ್ಲಿದು. ಆಟ ಮುಗಿಯೋ ಒತ್ಗೆ ಓಯ್ತದೆ."

ಕೈ ಮುಗಿದದ್ದು

ಅದನ್ನೂ ಸೋತೆವು. ಮೇಡಂ ಈಗ ಗುಟ್ಟಿನ ಸನ್ನೆ ಕಲಿಸಿದರು. ಕಿವಿ ಮುಟ್ಟಿದರೆ ಹಿಂದೆ ಸರಿಯಿರಿ, ತಲೆ ಸವರಿದರೆ ಕಾಯಿರಿ, ಎರಡೂ ಕೈ ಜೋಡಿಸಿದರೆ ಎಲ್ಲರೂ ಒಟ್ಟಿಗೆ ಮೇಲೆ ಬೀಳಿರಿ. ಹುಡುಗರು ಚೆನ್ನಾಗಿ ಕಲಿತರು. ಅಭ್ಯಾಸದಲ್ಲಿ ಮೇಡಂ ಸೊಳ್ಳೆ ಹೊಡೆದರೂ ನಾಲ್ಕು ಜನ ಹಾರುತ್ತಿದ್ದರು.

ಮ್ಯಾಚು ಹಾಸನದಲ್ಲಿ. ಅದು ಮೇಡಂ ಹುಟ್ಟಿದ ಊರು. ಆಟ ಚೆನ್ನಾಗಿಯೇ ಸಾಗಿತ್ತು, ನಾವೇ ಮುಂದಿದ್ದೆವು. ಅಧ್ಯಕ್ಷರು ನನ್ನ ಕಿವಿಯಲ್ಲಿ, "ಶುಂಠಿ ಬೀಜ ಬ್ಯಾಡ ಅಂತ ಫೋನ್ ಮಾಡ್ಲಾ?" ಅಂದರು. ಅಷ್ಟರಲ್ಲಿ ಹಾಸನದ ರೈಡರ್ ನಡುಗೆರೆ ದಾಟಿ ಒಂದು ಹೆಜ್ಜೆ ಒಳಗೆ ಇಟ್ಟ. ಅದೇ ಗಳಿಗೆಗೆ ಎದುರಿನ ಸಾಲಿಗೆ ಕೋಲೂರಿಕೊಂಡು ಒಬ್ಬ ಹಿರಿಯರು ಬಂದರು. ಮೇಡಂಗೆ ಕಬಡ್ಡಿ ಕಲಿಸಿದ ಡ್ರಿಲ್ ಮೇಷ್ಟ್ರು. ಗುರುಗಳು ಎದುರಿಗೆ ಬಂದರೆ ಯಾವ ಮಕ್ಕಳು ತಾನೇ ಸುಮ್ಮನೆ ನಿಲ್ಲುತ್ತಾರೆ? ಮೇಡಂ ಎದ್ದು ಎರಡೂ ಕೈ ಮುಗಿದರು.

ನಮ್ಮ ಏಳೂ ಜನ ಒಟ್ಟಿಗೆ ಹಾರಿದರು.

ರೈಡರ್ ಇನ್ನೂ ಗೆರೆ ಪಕ್ಕದಲ್ಲೇ ಇದ್ದ. ಏಳು ಜನರ ಭಾರಕ್ಕೆ ಹಿಂದಕ್ಕೆ ಬಿದ್ದ, ಬಿದ್ದ ಜಾಗ ಅವನ ಕೋರ್ಟು. ಮುಟ್ಟಿದವರೆಲ್ಲ ಔಟ್. ನಮ್ಮ ಅಂಕಣ ಖಾಲಿ. ಅಲ್ಲಿಂದ ನಾವು ಮೇಲೇಳಲಿಲ್ಲ.

ಆಟ ಮುಗಿದ ಮೇಲೆ ಮೇಷ್ಟ್ರು ಬಂದು ಮೇಡಂ ತಲೆ ಮೇಲೆ ಕೈಯಿಟ್ಟರು. "ಎಂಥಾ ಸಂಸ್ಕಾರ ಕಲಿಸಿದ್ದೀಯಮ್ಮಾ! ನೀನು ನಿಂತು ನಮಸ್ಕಾರ ಮಾಡಿದೆ, ನಿನ್ನ ಹುಡುಗರು ಆಟ ಬಿಟ್ಟು ಸಾಷ್ಟಾಂಗವೇ ಹಾಕಿಬಿಟ್ಟರು."

ಬಾವನ ಕಾಲು

ಆಮೇಲೆ ಸೋತ ಮ್ಯಾಚುಗಳಲ್ಲಿ ನಗೋದಕ್ಕೆ ಏನೂ ಇಲ್ಲ, ಸುಮ್ಮನೆ ಸೋತೆವು. ಉಳಿದದ್ದು ಕೊನೆಯದೊಂದು. ಹೊಳೆನರಸೀಪುರದ ಮೇಲೆ, ಅವರ ಊರಲ್ಲೇ. ಬೆಳಿಗ್ಗೆ ವ್ಯಾನ್ ಹತ್ತುವಾಗ ನೋಡಿದರೆ ನಮ್ಮ ಮೈದಾನದ ಅಂಚಿನಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತ್ತು. ಡ್ರೈವರ್ ಬೀಡಿ ಸೇದುತ್ತಾ, "ಯಾವಾಗ ಹೊಡೀಲಿ ಯಜಮಾನ್ರೇ?" ಅಂತ ನನ್ನನ್ನೇ ಕೇಳಿದ. "ಸಾಯಂಕಾಲದಗಂಟ ತಡಕಳ್ಲಾ," ಅಂದೆ. ದನಿ ಸ್ವಲ್ಪ ನಡುಗಿತು ಅಂತ ಅವನು ಊರಲ್ಲಿ ಹೇಳಿಕೊಂಡು ತಿರುಗಿದ್ದಾನೆ, ಅದನ್ನು ನಂಬಬೇಡಿ.

ಈ ನಡುವೆ ನಮ್ಮ ಮುಖ್ಯ ರೈಡರ್‌ಗೆ ಮದುವೆಯಾಗಿತ್ತು. ಹೆಣ್ಣು ಹೊಳೆನರಸೀಪುರದವಳು. ಹೆಣ್ಣಿನ ತಮ್ಮ ಯಾರು ಅಂತೀರಿ? ಅವರ ತಂಡದ ಎಡ ಕಾರ್ನರ್. ಕಾಲು ಹಿಡಿಯೋದರಲ್ಲಿ ಜಿಲ್ಲೆಗೇ ಒಬ್ಬ. ಅವನ ಕೈಗೆ ಹಿಮ್ಮಡಿ ಸಿಕ್ಕಿದರೆ ಮುಗಿಯಿತು.

ಆಟ ಎಳೆದಾಡಿ ಎಳೆದಾಡಿ ಸಮಕ್ಕೆ ಬಂದು ನಿಂತಿತು. ಉಳಿದದ್ದು ಒಂದೇ ರೈಡು, ಅದು ನಮ್ಮದು. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು. ಮೇಡಂ ನಮ್ಮ ಹುಡುಗನಿಗೆ ಹೇಳಿದ್ದು ಇಷ್ಟೇ. "ಎಡಗಡೆ ಮಾತ್ರ ಹೋಗಬೇಡ. ನಿನ್ನ ಬಾವಮೈದ ಇದ್ದಾನೆ."

ಹೊಸ ಮದುವೆ ಗಂಡು. ಹೆಂಡತಿ ಯಾವ ಕಡೆ ಕೂತಿದ್ದಳೋ ಆ ಕಡೆಗೇ ಹೋದ. ಅದು ಎಡಗಡೆ.

ಬಾವಮೈದ ಹಾವಿನ ಹಾಗೆ ಬಗ್ಗಿ ಎರಡೂ ಕೈಯಲ್ಲಿ ಬಾವನ ಕಾಲು ಹಿಡಿದ. ನಮ್ಮವನು ದಬಕ್ಕಂತ ಬಿದ್ದ. ಗೆರೆ ಒಂದು ಮೊಳ ದೂರ. ನನ್ನ ಕಣ್ಣ ಮುಂದೆ ಶುಂಠಿ ಎಲೆ ಅಲ್ಲಾಡಿದವು.

ಆಗ ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು. ರೈಡರ್‌ನ ಅತ್ತೆ, ಅಂದರೆ ಆ ಕಾರ್ನರ್ ಹುಡುಗನ ಹೆತ್ತ ತಾಯಿ.

"ಲೇ! ಬಾವನ್ನ ಕೆಡವ್ತೀಯೇನ್ಲಾ? ಅರಿಶಿನದ ಪಂಚೆ ಇನ್ನೂ ಒಣಗಿಲ್ಲ! ಧಾರೆ ದಿನ ತೊಳೆದ ಕಾಲು ಕಣ್ಲಾ ಅದು!"

ನಮ್ಮ ಕಡೆ ಮದುವೆಯಲ್ಲಿ ಗಂಡಿನ ಕಾಲು ತೊಳೆದು ಮಂಟಪಕ್ಕೆ ಕರೆತರೋನು ಬಾವಮೈದನೇ. ಆ ಹುಡುಗ ಕೈಯಲ್ಲಿದ್ದ ಕಾಲು ನೋಡಿದ. ಅಂದು ತಾನೇ ತೊಳೆದಿದ್ದ ಅದೇ ಕಾಲು, ಅದೇ ಹಿಡಿತ. ಅವನಿಗೆ ಏನು ತೋಚಿತೋ, ಹಿಡಿತ ಸಡಿಲಿಸಿ, ಜೆರ್ಸಿ ತುದಿಯಿಂದ ಪಾದ ಒರೆಸಿ, ಮುಟ್ಟಿ ಕಣ್ಣಿಗೊತ್ತಿಕೊಂಡ. ನಮ್ಮವನಿಗೂ ಅಭ್ಯಾಸ ಬಲ. ಮಲಗಿದ್ದವನು ಕೈಯೆತ್ತಿ ಆಶೀರ್ವಾದ ಮಾಡಿದ. ಆಶೀರ್ವಾದ ಮಾಡಿದ ಕೈಯನ್ನು ಹಾಗೇ ಹಿಂದಕ್ಕೆ ಚಾಚಿ ಗೆರೆ ಮುಟ್ಟಿದ.

ಅಂಪೈರ್ ವಿಷಲ್ ಊದಿದರು; ಕಾಲು ಹಿಡಿದವನು ಔಟ್, ಅಂಕ ನಮಗೆ. ಗೆದ್ದೆವು!

ಹೊಳೆನರಸೀಪುರದವರು ಅಂಪೈರ್ ಮೇಲೆ ಮುಗಿಬಿದ್ದರು. "ಸಾ, ಅವನು ಇಡಿದಿದ್ದ! ಅತ್ತೆ ಕೂಗಿ ಬುಡುಸಿದ್ದು! ಇದೆಲ್ಲಿ ರೂಲ್ಸು?"

ಅಂಪೈರ್ ಮುಂದಿನ ಸಾಲಿನ ಕಡೆ ಒಮ್ಮೆ ನೋಡಿ ಅಂದರು, "ರೂಲ್ಸ್ ಇರಲಿ ಕಣ್ರಪ್ಪಾ. ನಾನೂ ಇದೇ ಊರಿನ ಅಳಿಯ. ಆಯಮ್ಮನಿಗೆ ಎದುರು ಹೇಳೋಕೆ ನನ್ನ ಕೈಲಾಗಲ್ಲ."

ಅಧ್ಯಕ್ಷರು ಅಲ್ಲಿಂದಲೇ ಫೋನ್ ಮಾಡಿ ಟ್ರ್ಯಾಕ್ಟರ್ ವಾಪಸ್ ಕಳಿಸಿದರು. ಆಯಮ್ಮ ಇಡೀ ತಂಡವನ್ನು ಮನೆಗೆ ಕರೆದುಕೊಂಡು ಹೋಗಿ ಊಟಕ್ಕೆ ಹಾಕಿದರು. ಸೋತ ಮಗನ ಕೈಯಲ್ಲೇ ಬಡಿಸೋ ಕೆಲಸ ಮಾಡಿಸಿದರು.

ಊಟವಾದ ಮೇಲೆ ಮೇಡಂ ಜಗುಲಿ ಮೇಲೆ ನನ್ನ ಪಕ್ಕ ಬಂದು ಕೂತರು. ಮುಖದಲ್ಲಿ ಭಾರೀ ಯೋಚನೆ.

"ತಾತ, ಮುಂದಿನ ವರ್ಷಕ್ಕೆ ಈಗಲೇ ಟೀಮ್ ಕಟ್ಟೋಕೆ ಶುರು ಮಾಡಬೇಕು."

"ಮಾಡವ್ವ. ಎಂಥ ಆಟಗಾರ ಬೇಕು ಹೇಳು, ಉಡುಕ್ಕೊಂಡು ಬತ್ತೀನಿ."

"ಆಟಗಾರರು ಇದ್ದಾರೆ ತಾತ," ಅಂದರು. "ನಮ್ಮಲ್ಲಿ ಇನ್ನೂ ಆರು ಜನಕ್ಕೆ ಮದುವೆ ಆಗಬೇಕು. ಹಾಸನದ ಕಾರ್ನರ್‌ಗೂ ಚನ್ನರಾಯಪಟ್ಟಣದ ಕಾರ್ನರ್‌ಗೂ ಅಕ್ಕ ತಂಗೀರು ಇದ್ದಾರಾ, ಸ್ವಲ್ಪ ವಿಚಾರಿಸಿ."